ವಾಲ್ಯೂಮು ಬಾಯಿ, ಸೆನ್ಸು ಕಿವಿ

ನನ್ನ ಅಣ್ಣ ಬೇಸ್ ಗಿಟಾರ್ ನುಡಿಸುತ್ತಿದ್ದ. ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ ಲಗೇಜ್ ಆಟೋ ಓಡಿಸುವ ಅವನನ್ನು ನೋಡಿದವರಿಗೆ ಇದು ಗೊತ್ತಾಗುವುದಿಲ್ಲ. ಅವನು ಗಿಟಾರ್ ಬಿಟ್ಟದ್ದು ನನ್ನಿಂದ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಹಾಡಲು ಬರುತ್ತಿತ್ತು, ಅಷ್ಟೆ. ತೊಂಬತ್ತರ ದಶಕದ ನಡುವಿನ ವರ್ಷಗಳವು. ಆಗ ನಮ್ಮ ಕಡೆ ಸ್ವಲ್ಪ ಅನುಕೂಲಸ್ಥರ ಮದುವೆ ಎಂದರೆ ರಿಸೆಪ್ಷನ್ನಿಗೆ ಆರ್ಕೆಸ್ಟ್ರಾ ಇರಲೇಬೇಕು. ಅಣ್ಣ ಗುಂಡ್ಲುಪೇಟೆಯ ಒಂದು ಸಣ್ಣ ತಂಡದಲ್ಲಿದ್ದ. ಹೆಣ್ಣು ದನಿ ಬೇಕೆಂದಾಗ ನನ್ನನ್ನು ಸೇರಿಸಿದವನೂ ಅವನೇ. ಅಪ್ಪ ಕೂಗಾಡಿದರು. "ನಾನ್ ಜತೇಲೇ ಇರ್ತೀನಲ್ಲಪ್ಪ. ನಾನಿಲ್ದಿದ್ ಕಡ ಅವ್ಳೂ ಹಾಡಕಿಲ್ಲ" ಎಂದು ಅಣ್ಣ ಮಾತು ಕೊಟ್ಟ. ಆ ಮಾತಿನ ಮೇಲೆ ನನ್ನ ಹಾಡು ನಿಂತಿತ್ತು.

ಒಂದು ದಿನ ಅವನು ನಮ್ಮ ತಾಲ್ಲೂಕಿನ ಗಡಿಯ ಮದ್ದೂರಿನ ಕಾಡು ದಾಟಿ ಹೋಗುವ ಬಸ್ಸಿನಲ್ಲಿ ಕೇರಳದ ಕಡೆ ಹೋಗಿ, ಚರ್ಚಿನಲ್ಲಿ ಗಿಟಾರ್ ನುಡಿಸುವ ಒಬ್ಬರಿಂದ ಹಳೆಯ ಪೆಡಲ್ ಒಂದನ್ನು ತಂದ. ಟಿಫನ್ ಡಬ್ಬಿಗಿಂತ ಚಿಕ್ಕದು, ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋದ ಕಬ್ಬಿಣದ ಪೆಟ್ಟಿಗೆ. ಗಿಟಾರಿನ ವಯರು ಅದರೊಳಗೆ ಹೋಗಿ ಸ್ಪೀಕರಿಗೆ ಹೋಗುತ್ತಿತ್ತು. ಕಾಲಿನಿಂದ ಒತ್ತಿದರೆ ತಂತಿಯ ಸದ್ದು ಬಾಯಿ ತೆರೆದು ಮಾತಾಡಿದಂತೆ ಬರುತ್ತಿತ್ತು. ಅದರ ಮೇಲೆ ತಿರುಗಿಸುವ ಎರಡು ಗುಂಡಿಗಳು. ಒಂದರ ಕೆಳಗೆ ವಾಲ್ಯೂಮ್ ಎಂದಿತ್ತು, ಇನ್ನೊಂದರ ಕೆಳಗೆ ಸೆನ್ಸ್.

"ಲೋ, ಸೆನ್ಸು ಕೇರಳದಲ್ಲಿ ಸೆಕೆಂಡ್ ಹ್ಯಾಂಡೂ ಸಿಕ್ತದಾ? ನಂಗೂ ಒಂದ್ ತರಬಾರ್ದಿತ್ತಾ?" ಎಂದ ರಿದಮ್ ಪ್ಯಾಡ್ ಬಾರಿಸುವವನು.

"ತರ್ಬೋದಿತ್ತು ಕಣ್ಲಾ, ಇಡಕ್ ನಿನ್ ತಲೇಲಿ ಜಾಗ ಎಲ್ಲದ?" ಎಂದ ಅಣ್ಣ.

ನನಗೆ ಮಾತ್ರ ಜಗಲಿಯ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದ. "ವಾಲ್ಯೂಮು ಇದ್ರ ಬಾಯಿ ಕಣಮ್ಮಿ, ಸೆನ್ಸು ಇದ್ರ ಕಿವಿ. ನನ್ ಬೆರಳು ಎಷ್ಟ್ ಜೋರಾಗ್ ಹೊಡೀತು ಅಂತ ಈ ಕಿವಿ ಕೇಳ್ಕತ್ತದ. ಕಿವಿ ಜಾಸ್ತಿ ಬುಟ್ರ ಸಣ್ ಏಟ್ಗೂ ಬೆಚ್ಚಿ ಕಿರುಚ್ತದ. ಕಮ್ಮಿ ಮಾಡ್ಬುಟ್ರ ಕಿವುಡ್ನಂಗ ಸುಮ್ನ ಕೂತಿರ್ತದ." ಎರಡರ ನಡುವಿನ ಜಾಗ ಹುಡುಕುತ್ತಾ ಎಷ್ಟೋ ಸಂಜೆ ಕಳೆದ. ಬೆರಳು ಮೆತ್ತಗಿದ್ದರೆ ಗುಂಯ್ ಎನ್ನಬೇಕು, ತುಸು ಬಿಗಿದರೆ ಮಾತಾಡಬೇಕು. ಪೆಡಲ್ ಕೊಟ್ಟ ಮಲಯಾಳಿ ಹೇಳಿಕಳಿಸಿದ್ದ "ಪದುಕ್ಕೆ ಮದಿ", ಮೆಲ್ಲಗೆ ಸಾಕು, ಎಂಬ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಾ ನುಡಿಸುತ್ತಿದ್ದ. ಜಾಗ ಸಿಕ್ಕ ದಿನ ನನ್ನ ಉಗುರುಬಣ್ಣ ಇಸಿದುಕೊಂಡು ಎರಡೂ ಗುಂಡಿಗಳಿಗೆ ಚುಕ್ಕೆ ಇಟ್ಟ. "ಇನ್ ಮ್ಯಾಲ ಎಲ್ಲಾ ಕೈದೇ ಕೆಲ್ಸ" ಎಂದ.

ಚಾಮರಾಜನಗರದ ಜವಳಿ ವ್ಯಾಪಾರಿಯೊಬ್ಬರ ಮಗಳ ಮದುವೆಗೆ ನಮ್ಮ ತಂಡವನ್ನು ಕರೆದಿದ್ದರು. ತೆರಕಣಾಂಬಿ ದಾಟುವಾಗ ಬಸ್ಸಿನಲ್ಲಿ ಅಣ್ಣ ಮೆಲ್ಲಗೆ ಹೇಳಿದ: ಗಂಡಿನ ಕಡೆಯ ನೆಂಟರೊಬ್ಬರು ಮೈಸೂರಿನ ದೊಡ್ಡ ಆರ್ಕೆಸ್ಟ್ರಾದ ಮೇಷ್ಟ್ರು, ಅವರಿಗೆ ಬೇಸ್ ನುಡಿಸುವವನು ಬೇಕಾಗಿದ್ದಾನೆ, ಇವತ್ತು ಕೂತು ಕೇಳುತ್ತಾರೆ.

"ಒಪ್ಕಂಡ್ರ?"

"ಮೈಸೂರ್ಗ ಓಗದೇಯ."

"ನಾನು?"

"ನಿಂಗೂ ಒಂದ್ ದಾರಿ ಮಾಡನ ಬುಡು" ಎಂದು ಅವನು ಕಿಟಕಿಯ ಕಡೆ ತಿರುಗಿದ. ಅಪ್ಪ ನನ್ನನ್ನು ಮೈಸೂರಿಗೆ ಕಳಿಸುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಛತ್ರದಲ್ಲಿ ಮೊದಲ ಹಾಡುಗಳು ಚೆನ್ನಾಗಿ ಆದವು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ಅಣ್ಣನ ಬೆರಳುಗಳನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದರು. ಮುಂದಿನದು ನಾನೊಬ್ಬಳೇ ಹಾಡಬೇಕಾದ ಹಾಡು. ಅಣ್ಣ ನೀರು ಕುಡಿಯಲು ಪಕ್ಕಕ್ಕೆ ಹೋದ. ನಾನು ಸೀರೆಯ ನೆರಿಗೆ ಸರಿಮಾಡುವಂತೆ ಬಗ್ಗಿ, ಪೆಡಲಿನ ವಾಲ್ಯೂಮ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಆ ಪೆಟ್ಟಿಗೆ ಬಂದ ಮೇಲೆ ನಾನು ಹಾಡುವಾಗಲೂ ಜನ ಅಣ್ಣನ ಕಡೆ ನೋಡುತ್ತಿದ್ದರು, ನನ್ನ ದನಿ ಮುಚ್ಚಿಹೋಗುತ್ತಿತ್ತು. ಅದಕ್ಕೇ ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಬಗ್ಗಿದಾಗ ಮೈಸೂರು ನನ್ನ ತಲೆಯಲ್ಲಿರಲಿಲ್ಲ ಎಂದು ಮಾತ್ರ ಹೇಳಲಾರೆ.

ಬಾಯಿ ಕಮ್ಮಿ ಮಾಡಿದರೆ ಸದ್ದು ಕಮ್ಮಿಯಾಗುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಕಿವಿಯನ್ನು ಮರೆತಿದ್ದೆ. ಅಣ್ಣನಿಗೆ ತನ್ನ ಸದ್ದು ತನಗೇ ಕೇಳಲಿಲ್ಲ. ಬೆರಳು ಬಿಗಿದು ಹೊಡೆದ. ಪೆಟ್ಟಿಗೆಯ ಕಿವಿಗೆ ಆ ಏಟು ತಾಗಿ ಅದು ಕ್ವಾಕ್ ಎಂದು ಕಿರುಚಿತು. ಬೇಸ್ ಕಮ್ಮಿ ಬರುತ್ತಿದೆ ಎಂದು ಸೌಂಡಿನವನು ಅದೇ ಹೊತ್ತಿಗೆ ಅತ್ತಲಿಂದ ಜನರ ಕಡೆಯ ಸ್ಪೀಕರನ್ನು ಏರಿಸಿದ. ಕ್ವಾಕ್, ಕ್ವಾಕ್ ಎಂದು ಛತ್ರವೆಲ್ಲ ತುಂಬಿತು.

"ಬಾತ್‌ಕೋಳಿ ಬಂತು ಕಣ್ರೋ!" ಎಂದು ಯಾರೋ ಕೂಗಿದರು. ಊಟದ ಮನೆಯ ಬಾಗಿಲಲ್ಲಿ ನಿಂತಿದ್ದವರೂ ನಕ್ಕರು.

ಅಣ್ಣ ಪೆಟ್ಟಿಗೆಯ ಕಡೆ ನೋಡಲಿಲ್ಲ, ತನ್ನ ಕೈ ನೋಡಿಕೊಂಡ. ಮೆತ್ತಗೆ ನುಡಿಸಿದರೆ ಅವನ ಕಿವಿಗೆ ಏನೂ ಬೀಳುತ್ತಿರಲಿಲ್ಲ, ಬಿಗಿದರೆ ಬಾತುಕೋಳಿ. ಚರಣ ಮುಗಿದು ಕೀಬೋರ್ಡು ಮಾತ್ರ ನುಡಿಯುವ ಜಾಗದಲ್ಲಿ ನಾನು ಇನ್ನೊಮ್ಮೆ ಬಗ್ಗಿದ್ದರೆ ಸಾಕಾಗಿತ್ತು. ಬಗ್ಗಲಿಲ್ಲ. ಜನ ನನ್ನ ಕಡೆ ತಿರುಗಿದ್ದರು. ಪೂರ್ತಿ ಹಾಡಿದೆ. ಚಪ್ಪಾಳೆ ಬಿತ್ತು.

ಕಾರ್ಯಕ್ರಮದ ಕೊನೆಗೆ ವಯರು ಸುತ್ತುವುದು ಯಾವಾಗಲೂ ನನ್ನ ಕೆಲಸ. ಅಣ್ಣ ಬರುವ ಮೊದಲೇ ಗುಂಡಿಯನ್ನು ಚುಕ್ಕೆಗೆ ತಂದಿಟ್ಟೆ. ಅವನು ಬಂದು ಕುಕ್ಕರುಗಾಲಲ್ಲಿ ಕೂತು ಎರಡೂ ಚುಕ್ಕೆಗಳನ್ನು ನೋಡಿದ. "ಎಲ್ಲಾ ಇದ್ದಂಗೇ ಅದ. ಕೈಯೇ ಕೆಟ್ಟದ ಕಣಮ್ಮಿ" ಎಂದ. ಮೇಷ್ಟ್ರು ಕೈ ತೊಳೆದುಕೊಂಡು ಬಂದು, "ಕೈ ಇನ್ನೂ ಒರಟು ಕಣಪ್ಪ, ಪಳಗಬೇಕು" ಎಂದರು. ನನ್ನ ಕಡೆ ತಿರುಗಿ, ಚೆನ್ನಾಗಿ ಹಾಡಿದೆ ತಾಯಿ ಎಂದರು. ಅಣ್ಣ ಆ ಮಾತಿಗೆ ನನಗಿಂತ ಹೆಚ್ಚು ಹಿಗ್ಗಿದ.

ಮನೆಯಲ್ಲಿ ನುಡಿಸಿದರೆ ಎಲ್ಲ ಸರಿಯಾಗಿ ಬರುತ್ತಿತ್ತು. ಅದರಿಂದ ಅವನಿಗೆ ಇನ್ನೂ ದಿಗಿಲಾಯಿತು. "ಮನೇಲಿ ಬತ್ತದ, ಜನದ್ ಮುಂದ ಬರಾಕಿಲ್ಲ" ಎನ್ನುತ್ತಿದ್ದ. ಆಮೇಲಿನ ಮದುವೆಗಳಲ್ಲಿ ಪೆಡಲ್ ಒತ್ತುವುದನ್ನು ಬಿಟ್ಟ, ಕೈ ಬೆವರುತ್ತದೆ ಎಂದ, ಕೊನೆಗೆ ತಂಡವನ್ನೇ ಬಿಟ್ಟ. ಅವನಿಲ್ಲದ ಕಡೆ ನಾನೂ ಹಾಡುವಂತಿರಲಿಲ್ಲ. ನನಗೆ ತಕ್ಕ ಶಿಕ್ಷೆಯಾಯಿತು ಎಂದುಕೊಂಡೆ. ಆದರೆ ನನಗಾದ ಶಿಕ್ಷೆಯಿಂದ ಅವನ ಕೈಗೆ ಏನೂ ಸಿಗಲಿಲ್ಲ.

ನನ್ನನ್ನು ಚಂದಕವಾಡಿಗೆ ಕೊಟ್ಟರು. ಕೆಲವು ವರ್ಷಗಳ ನಂತರ ಅಣ್ಣನ ಮನೆಗೆ ಹೋಗಿದ್ದೆ. ಅವನ ಪುಟ್ಟ ಮಗಳು ಬಕೆಟ್ ಬೋರಲು ಹಾಕಿಕೊಂಡು ಬಾರಿಸುತ್ತಿದ್ದಳು. ಲಯ ಚೆನ್ನಾಗಿತ್ತು. ಅಣ್ಣ ಹೋಗಿ ಬಕೆಟ್ ಎತ್ತಿಟ್ಟುಬಿಟ್ಟ. "ಬ್ಯಾಡ ಕಣವ್ವ. ನಮ್ ವಂಶದ ಕೈಗ ತೂಕ ಗೊತ್ತಾಗಾಕಿಲ್ಲ."

ಮಗು ಬಂದು ನನ್ನ ಮಡಿಲಲ್ಲಿ ಕೂತು ಅಳತೊಡಗಿತು. ನನಗೆ ತಡೆಯಲಾಗಲಿಲ್ಲ. ಛತ್ರದಲ್ಲಿ ನಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದೆ.

ಅವನು ಕೇಳಿಸಿಕೊಂಡು, "ಚುಕ್ಕಿ ಇದ್ ಜಾಗದಲ್ಲೇ ಇತ್ತಲ್ಲಮ್ಮಿ, ನಾನೇ ಬಗ್ಗಿ ನೋಡ್ದೆ" ಎಂದ.

"ನೀನ್ ಬರಕ್ ಮುಂಚ ನಾನೇ ತಿರುಗ್ಸಿ ಮಡಗಿದ್ದು ಅಣ್ಣ."

ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕ. ಒಲೆಯ ಮುಂದಿದ್ದ ಅತ್ತಿಗೆಗೆ ಕೂಗಿ ಹೇಳಿದ: "ಕೇಳ್ದಾ ಇವಳ್ನ? ನಂಗ ಬ್ಯಾಸರ ಆಯ್ತದ ಅಂತ ಎಂಥಾ ಕತ ಕಟ್ಟವಳ! ತಪ್ಪ ತನ್ ಮ್ಯಾಲ ಹಾಕ್ಕಂಡವಳ ನೋಡು."

"ಕತ ಅಲ್ಲ ಅಣ್ಣ. ಬೇಕಾದ್ರ ಮಗೀನ್ ಮುಟ್ಟಿ ಹೇಳ್ತೀನಿ" ಎಂದು ಮಡಿಲಲ್ಲಿದ್ದ ಮಗುವಿನ ತಲೆಯ ಮೇಲೆ ಕೈ ಇಟ್ಟೆ.

ಅವನ ನಗು ನಿಂತಿತು. ಸುಳ್ಳು ಆಣೆ ಇಟ್ಟರೆ ಅದು ಮಗುವಿಗೆ ತಟ್ಟುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. "ಬುಡಮ್ಮಿ, ಸುಳ್ಳಿಗ ಮಗೀನ್ ಮುಟ್ಬಾರ್ದು" ಎಂದು ಬಗ್ಗಿ, ಮಗು ಬೆಚ್ಚದಂತೆ, ನನಗೆ ನೋವಾಗದಂತೆ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೈಯನ್ನು ನನ್ನ ಮಡಿಲಿಗೇ ಇಟ್ಟ. ಅವನ ಕೈಯಲ್ಲಿ ಒರಟು ಎಂಬುದೇ ಇರಲಿಲ್ಲ.