ಗಡಿಯಾರದ ಹೊರಸುತ್ತು

ಇಂದು ಬೆಳಿಗ್ಗೆ ಗೋಡೆಗಡಿಯಾರ ನಿಂತಿತ್ತು. ಸೆಲ್ ಬದಲಿಸಲು ಕೆಳಗಿಳಿಸಿದಾಗ ಅದರ ಅಂಚಿಗೆ ಅಂಟಿಸಿದ್ದ ಕಾಗದದ ಬಳೆ ಅರ್ಧ ಕಳಚಿ ಕೈಗೆ ಬಂತು. ಅದರ ಮೇಲೆ ನೀಲಿ ಬಣ್ಣದಲ್ಲಿ ಮಗುವಿನ ಕೈಬರಹದ ಅಂಕೆಗಳು. ಗಡಿಯಾರದ ಒಂಬತ್ತು ಮತ್ತು ಹತ್ತರ ನಡುವೆ, ಹೊರಗೆ, 'ಒಂದು' ಎಂದಿದೆ. ತಪ್ಪೆಂದು ತಿಳಿಯಬೇಡಿ. ಹಾಗೆ ತಿಳಿದು ನಕ್ಕವರೊಬ್ಬರಿದ್ದಾರೆ. ಆ ನಗುವನ್ನು ನಾನು ಇಂದಿಗೂ ಮರೆತಿಲ್ಲ.

ಮರೆಯುವುದು ನನ್ನ ಜಾಯಮಾನವಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಉಳಿಕೆಯನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸು ಒಪ್ಪುವುದಿಲ್ಲ.

ಮೊಮ್ಮಗಳು ಶ್ರಾವ್ಯ ಎರಡನೆಯ ತರಗತಿಯಲ್ಲಿದ್ದಾಗ ಗಡಿಯಾರ ನೋಡಲು ಬಾರದೆಂದು ಅವಳನ್ನು ತರಗತಿಯ ಗಡಿಯಾರದ ಕೆಳಗೆ ನಿಲ್ಲಿಸಿದ್ದರು. ಉಳಿದ ಮಕ್ಕಳು ನಕ್ಕರಂತೆ. ಮರುದಿನದಿಂದ ಬೂಟು ಹಾಕಿಕೊಳ್ಳುವಾಗಲೇ ಅವಳಿಗೆ ವಾಂತಿ. ಕೊನೆಗೆ ಮಗಳು ವಿದ್ಯಾ, ಬೈಕಂಪಾಡಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ದುಡಿಯುವವಳು, ಮಗುವನ್ನು ನನ್ನ ವಶಕ್ಕೆ ಕೊಟ್ಟಳು. ಷರತ್ತು ಮಾತ್ರ ಸ್ಪಷ್ಟವಾಗಿತ್ತು: "ದೀಪಾವಳಿಯೊಳಗೆ ಟೈಮ್ ನೋಡ್ಲಿಕ್ಕೆ ಕಲಿತ್ರೆ ಮನೆಯಲ್ಲೇ ಇರ್ಲಿ. ಇಲ್ಲದಿದ್ರೆ ವಾಪಸ್ ಅದೇ ಶಾಲೆ. ನೀವು ಬೇಜಾರು ಮಾಡ್ಬಾರ್ದು ಅಮ್ಮ."

ಬೇಜಾರು ಮಾಡಿಕೊಂಡೆ. ಆದರೆ ಕಲಿಸತೊಡಗಿದೆ.

ಮಗುವಿನ ತೊಡಕು ಮುಳ್ಳುಗಳಲ್ಲಿರಲಿಲ್ಲ. "ಅಜ್ಜಿ, ದಿನ ಶುರು ಆಗುದು ಎಲ್ಲರೂ ಮಲಗಿರುವಾಗ ಎಂತಕ್ಕೆ?" ಎಂದು ಕೇಳಿದಳು. ಸೂರ್ಯ ಬಂದ ಮೇಲೆ ಒಂದು ಗಂಟೆಯಾಗಬೇಕಲ್ಲ, ಏಳು ಹೇಗಾಗುತ್ತದೆ? ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದ ನನ್ನ ತಂದೆ ಸೂರ್ಯೋದಯದಿಂದಲೇ ಘಳಿಗೆ ಎಣಿಸುತ್ತಿದ್ದುದು ನೆನಪಾಯಿತು. ಅದನ್ನು ಹೇಳಿದೆ. ಅವಳಿಗೆ ಸಾಲಲಿಲ್ಲ. "ಈಗ ಹಾಗೆ ಎಣಿಸುವ ಊರು ಉಂಟಾ?"

ಉಂಟು. ಹುಡುಕಿದೆವು. ನಾನು ದಿನಕ್ಕೆರಡು ಬಾರಿ ಕುಡಿಯುವ ಕಾಫಿಯ ತವರಾದ ಇಥಿಯೋಪಿಯಾದಲ್ಲಿ ಇಂದಿಗೂ ಬೆಳಗಿನಿಂದ ಗಂಟೆ ಎಣಿಸುತ್ತಾರೆ. ನಮ್ಮ ಲೆಕ್ಕದ ಬೆಳಗಿನ ಏಳು ಅವರಿಗೆ ಒಂದು. ಶ್ರಾವ್ಯ ಕುರ್ಚಿಯ ಮೇಲೆ ಹತ್ತಿ ನಿಂತಳು. ತರಗತಿಯ ನಗುವಿಗೆ ಗುರಿಯಾದವಳ ಬೆನ್ನಿಗೆ ಇಡೀ ದೇಶವೊಂದು ನಿಂತಿತ್ತು! ನನಗೂ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಪಾಠಗಳು ತಾವಾಗಿ ಬಂದವು. ಮುಸುಂಬಿಯನ್ನೇ ಭೂಮಿ ಮಾಡಿ ತಿರುಗಿಸಿ ಅಲ್ಲಿಗೆ ಸೂರ್ಯ ನಮಗಿಂತ ಎರಡೂವರೆ ಗಂಟೆ ತಡವಾಗಿ ಬರುತ್ತಾನೆಂದು ಕಂಡುಕೊಂಡಳು. ಅದನ್ನು ಕಳೆಯಲು ವ್ಯವಕಲನ ಬೇಕಾಯಿತು. ನಕ್ಷೆ ಬರೆದಳು, ಆ ದೇಶಕ್ಕೆ ಕಡಲಿಲ್ಲವೆಂದು ತಿಳಿದು "ಪಾಪ, ಮೀನಿಗೆ ಎಂತ ಮಾಡ್ತಾರೆ?" ಎಂದು ಮರುಗಿದಳು. ಮೀನು ತಿನ್ನದ ಮನೆಯಲ್ಲಿ ಹುಟ್ಟಿದವಳ ಮರುಕವದು. ಕೊನೆಗೆ ಈ ಕಾಗದದ ಬಳೆ ಸಿದ್ಧವಾಯಿತು. ನಮ್ಮ ಒಂಬತ್ತೂವರೆ ಅಲ್ಲಿಯ ಬೆಳಗಿನ ಏಳು. ಎಂದರೆ ಅವರ ಒಂದು.

ದೀಪಾವಳಿ ಹತ್ತಿರವಾದಾಗ ವಿದ್ಯಾ ನನ್ನನ್ನು ಕೇಳದೆ ಪರೀಕ್ಷಕರನ್ನು ಕರೆಸಿದಳು: ನನ್ನ ಅಕ್ಕನ ಗಂಡ, ಬಜಪೆಯ ಭಾವ, ನಿವೃತ್ತ ಹೆಡ್ಮಾಸ್ಟರು. ನನ್ನ ಮದುವೆಯ ಹೊಸದರಲ್ಲಿ "ಇದು ಕಾಫಿಯಾ, ಕಾಲು ತೊಳೆಯುವ ನೀರಾ?" ಎಂದು ಹತ್ತು ಜನರೆದುರು ಕೇಳಿದ್ದ ಮಹಾನುಭಾವರು. ಆ ಬೆಳಿಗ್ಗೆಯೂ ಲೋಟದೊಳಗೆ ಇಣುಕಿ ನೋಡಿಯೇ ಕುಡಿದರು.

"ಎಂತ ಮಗಾ, ಗಂಟೆ ಎಷ್ಟು?"

ಶ್ರಾವ್ಯ ಗಡಿಯಾರ ನೋಡಿದಳು. ಅವರ ಮುಖ ನೋಡಿದಳು. "ಒಂದು."

ಭಾವ ಸೋಫಾ ಅಲುಗಾಡುವಂತೆ ನಕ್ಕರು. "ಬೆಳಿಗ್ಗೆಯೇ ಊಟದ ಹೊತ್ತು ಮಾಡಿದ್ಳು ಮಾರಾಯ್ತಿ! ವಿದ್ಯಾ, ನಾಳೆಯೇ ಶಾಲೆಗೆ ಹಾಕು." ನಾನು ನಕ್ಷೆ, ಮುಸುಂಬಿ, ಸೂರ್ಯ ಎಲ್ಲವನ್ನೂ ಹೇಳಿದೆ. "ಕಲಿಸ್ಲಿಕ್ಕೆ ಆಗದ್ದಕ್ಕೆ ಆಫ್ರಿಕಾ ಒಂದು ನೆಪ" ಎಂದರು.

ಚೀಲ ಹೆಗಲಿಗೇರಿಸಿದ್ದ ವಿದ್ಯಾ ಮಗುವಿನ ಮುಂದೆ ಕುಳಿತಳು. "ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?"

"ಒಂಬತ್ತೂವರೆ. ನಿಂಗೆ ಲೇಟ್ ಆಯ್ತು ಅಮ್ಮ."

"ಮತ್ತೆ ಅಜ್ಜನಿಗೆ ಒಂದು ಅಂದದ್ದು ಎಂತಕ್ಕೆ?"

"ಅವರು ಸಹ ನಗ್ತಾರಾ ಅಂತ ನೋಡಿದೆ." ಸ್ವಲ್ಪ ತಡೆದು ಹೇಳಿದಳು, "ನಕ್ಕರು."

ವಿದ್ಯಾ ಮಗುವಿನ ತಲೆ ಸವರಿ, ಹೊರಡುವಾಗ ನನಗೆ ಮಾತ್ರ ಕೇಳುವಂತೆ "ಮನೆಯಲ್ಲೇ ಇರ್ಲಿ" ಎಂದಳು. ಎರಡು ವರ್ಷದ ನಂತರ ಶ್ರಾವ್ಯ ತಾನಾಗಿಯೇ ಬೇರೊಂದು ಶಾಲೆಗೆ ಹೊರಟಳು, ಈಗ ಹೈಸ್ಕೂಲು.

ಭಾವ ಅಂದಿನಿಂದ ಪ್ರತಿ ಫೋನಿನಲ್ಲೂ "ನಿನ್ನ ಆಫ್ರಿಕಾದಲ್ಲಿ ಗಂಟೆ ಎಷ್ಟಾಯ್ತು?" ಎಂದು ಕೇಳುತ್ತಾರೆ. ಪ್ರತಿ ಸಲವೂ ನಾನು ಮಾತು ಬದಲಿಸಿದ್ದೇನೆ. ಇಂದು ಬಳೆ ಕೈಯಲ್ಲಿರುವಾಗಲೇ ಅವರ ಫೋನು ಬಂತು. ರೇಗಿಹೋಯಿತು. "ನೀವೇ ಹೇಳಿ ನೋಡುವ" ಎಂದೆ.

"ಇಲ್ಲಿ ಹನ್ನೊಂದೂವರೆ. ಅಲ್ಲಿ ಮೂರು" ಎಂದರು, ಉಸಿರು ತೆಗೆದುಕೊಳ್ಳುವಷ್ಟೂ ತಡೆಯದೆ.

ಸರಿಯಾಗಿತ್ತು. "ಯಾವಾಗ ಕಲಿತದ್ದು?"

"ಆವತ್ತೇ. ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ. ಮಗು ಹೇಳಿದ್ದು ಸರಿ ಉಂಟು."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ?"

"ಪ್ರತಿ ಸಲ ಗಂಟೆ ಕೇಳ್ತಾ ಇದ್ದೆ ಅಲ್ವಾ, ಮಾರಾಯ್ತಿ. ನೀನೊಮ್ಮೆ ತಿರುಗಿ ಕೇಳಿದ್ರೆ ಹೇಳ್ತಿದ್ದೆ."

ಫೋನಿಟ್ಟೆ. ಅವರು ನಕ್ಕದ್ದನ್ನು ನಾನು ಮನ್ನಿಸಿಲ್ಲ. ಕಾಫಿಯ ಮಾತನ್ನಂತೂ ಇಲ್ಲವೇ ಇಲ್ಲ. ಆದರೆ ಬಳೆಗೆ ಹೊಸ ಗೋಂದು ಹಚ್ಚಿ ಅಂಕೆಗಳನ್ನು ಸರಿಯಾದ ಜಾಗಕ್ಕೆ ಕೂರಿಸಿ ಗಡಿಯಾರವನ್ನು ಮೊಳೆಗೆ ತೂಗುಹಾಕಿದೆ. ಭಾನುವಾರ ಬರುತ್ತಾರಂತೆ. ಡಿಕಾಕ್ಷನ್ ಸ್ವಲ್ಪ ಗಟ್ಟಿಯಾಗಿಯೇ ಇಳಿಸುತ್ತೇನೆ.