ಸೈರನ್ನಿಗೆ ವಾಲಿದ ಕೋಲು

"ನಾನು ಓದುವಾಗ ಎಲ್ಲ ಬಾಯಿಪಾಠ ಅಮ್ಮ. ಭಿನ್ನರಾಶಿ ಅಂದ್ರೆ ಏನು ಅಂತ ಗೊತ್ತಾಗಿದ್ದು ಮದುವೆ ಆದ್ಮೇಲೆ, ಎರಡು ಹೋಳಿಗೇನ ಮೂರು ಜನಕ್ಕೆ ಹಂಚುವಾಗ. ಶಾಲೆ ಮಕ್ಕಳಿಗೆ ಹಾಗಾಗೋದು ಬೇಡ, ಮುಟ್ಟಿ ಕಲೀಲಿ ಅಂತ ಅಂಗಳದಲ್ಲಿ ಒಂದು ಉದ್ದನೆ ಬಿದಿರುಕೋಲು ನೆಡಿಸ್ದೆ. ಅದರ ನೆರಳಿನ ತುದಿಗೆ ಮಕ್ಕಳು ಆಗಾಗ ಒಂದೊಂದು ಕಲ್ಲಿಡ್ತಿದ್ರು. ಕೋಲಿನ ಬುಡದಿಂದ ಕಲ್ಲಿನ ತನಕ ದಾರ ಹಿಡಿದು ಕತ್ತರಿಸೋದು, ಆ ದಾರಗಳಿಗೆ ಬಣ್ಣ ಹಾಕಿ ರಟ್ಟಿನ ಮೇಲೆ ಅಂಟಿಸೋದು. ಲೆಕ್ಕಾನೂ ಆಯ್ತು, ಚಿತ್ರಾನೂ ಆಯ್ತು. ಹನ್ನೆರಡಕ್ಕೆ ನೆರಳು ಎಲ್ಲಕ್ಕಿಂತ ಗಿಡ್ಡ ಇರುತ್ತೆ ನೋಡಿ ಅಂತ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ನನಗೂ ಹಾಗೇ ಹೇಳಿಕೊಟ್ಟಿದ್ರು. ಆದ್ರೆ ಕಾರ್ಖಾನೆಯ ಹನ್ನೆರಡರ ಸೈರನ್ ಹೊಡೆದ ಮೇಲೂ ನೆರಳು ಗಿಡ್ಡ ಆಗ್ತಾನೇ ಇತ್ತು. ಮಾರನೇ ದಿನಾನೂ ಹಾಗೇ. ಭದ್ರಾವತೀಲಿ ಕೂತು ಸೈರನ್ ತಪ್ಪು ಅನ್ನೋಕಾಗುತ್ತಾ? ಹಾಗಾದ್ರೆ ತಪ್ಪು ಹೇಳಿಕೊಟ್ಟವಳು ನಾನೇ ತಾನೆ?"

ಶಾಂಭವಿ ಟೀಚರ್ ಇದನ್ನು ನನಗೆ ಹೇಳಿದ್ದು ನಮ್ಮ ಜಗಲಿಯಲ್ಲಿ ಕೂತು. ಶಾಲೆ ನಮ್ಮ ಮನೆಯ ಎದುರಿಗೇ. ಅವರ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಸ್ಸಿನಲ್ಲಿ ದಿನಾ ಓಡಾಟ. ತಂದೆ ಏಕಾಂತಪ್ಪನವರದು ಬಟ್ಟೆ ಅಂಗಡಿ. ಮಗಳು ಗಲ್ಲಾದ ಹತ್ತಿರ ಕೂರುವುದಕ್ಕಿಂತ ಉಳಿದ ತುಂಡುಬಟ್ಟೆಯಲ್ಲಿ ಗೊಂಬೆ ಹೊಲಿಯುವುದೇ ಹೆಚ್ಚಂತೆ. ಕೆಲಸ ಸಿಕ್ಕಿದ್ದು ತಡವಾಗಿ. ಮೂರನೇ ತರಗತಿ ಇವರ ಕೈಗೆ ಬಂದ ಮೇಲೆ ಮಕ್ಕಳು ಮೈಕೈಯೆಲ್ಲ ಮಣ್ಣು, ಗೋಂದು ಮಾಡಿಕೊಂಡು ಮನೆಗೆ ಹೋಗುತ್ತಿದ್ದರು.

ಮಕ್ಕಳ ಮನೆಯವರಿಗೆ ಅದು ಹಿಡಿಸಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಚೌಡಪ್ಪನ ಮಗಳು ಕವನ ಅದೇ ತರಗತಿ. ನೆರಳು ಸೈರನ್ನಿಗೆ ಹೊಂದುತ್ತಿಲ್ಲವೆಂದು ಮಗಳ ಬಾಯಿಂದ ಕೇಳಿ ಅವನು ಶಾಲೆಗೇ ಬಂದ.

"ಆ ಸೈರನ್ನಿಗೆ ನಮ್ಮಪ್ಪ ಡ್ಯೂಟಿಗೆ ಹೋದ, ನಾನೂ ಹೋಗ್ತಿದೀನಿ. ನಿಮ್ಮ ಕೋಲು ನಂಬ್ಕಂಡು ಹೋದ್ರೆ ಗೇಟಲ್ಲಿ ಒಳಗೆ ಬಿಡ್ತಾರಾ ಟೀಚರೇ? ಮಗ್ಗಿ ಹೇಳ್ಕೊಡಿ ಸಾಕು."

ಹೆಡ್‌ಮೇಷ್ಟ್ರು ಪುಟ್ಟಣ್ಣನವರು ಜಗಳಕ್ಕೆ ಹೆದರುವವರು. "ನೋಡಮ್ಮ ಮಾರಾಯ್ತಿ, ಗುರುವಾರ ಇನ್‌ಸ್ಪೆಕ್ಟರ್ ಬರ್ತಾರೆ. ಅವರೆದುರು ಸರಿ ಬಂದ್ರೆ ಇಂಥ ಪಾಠ ಮುಂದುವರಿಸಿ. ಇಲ್ದಿದ್ರೆ ಕೋಲು ಕಿತ್ತು ಕಾಪಿ ಬರೆಸಿ."

ಬುಧವಾರ ಟೀಚರ್ ರಜೆ ಹಾಕಿ, ತಮಗೆ ಹಿಂದೆ ಗಣಿತ ಕಲಿಸಿದ್ದ ಕೊಟ್ರಬಸಪ್ಪ ಮೇಷ್ಟ್ರ ಮನೆಗೆ ಹೋದರು. ಅವರು ಗೋಡೆಯ ಮೇಲಿನ ಭೂಪಟ ತೋರಿಸಿ, "ಇಡೀ ದೇಶಕ್ಕೆ ಒಂದೇ ಗಡಿಯಾರ ಕಣಮ್ಮ. ಅದನ್ನ ಹಿಡಿದಿರೋದು ಇಲ್ಲಿ, ಪೂರ್ವದ ಕಡೆಗೆ. ನಾವು ಇಲ್ಲಿ, ಪಶ್ಚಿಮಕ್ಕೆ. ಅವರಿಗೆ ನಡುಹಗಲಾದ ಅರ್ಧ ಗಂಟೆಗೆ ನಮಗೆ ನಡುಹಗಲು. ನಿನ್ನ ಸೈರನ್ನೂ ಸರಿ, ಕೋಲೂ ಸರಿ" ಎಂದರು. ಶಾಂಭವಿ ಹಗುರವಾಗಿ ಬಸ್ಸು ಹತ್ತಿದರು.

ಗುರುವಾರ ಇನ್‌ಸ್ಪೆಕ್ಟರ್ ವಿಶ್ವಾರಾಧ್ಯ ಬಂದರು. ಸೈರನ್ ಆದ ಅರ್ಧ ಗಂಟೆಯ ಮೇಲೇ ನೆರಳು ಎಲ್ಲಕ್ಕಿಂತ ಗಿಡ್ಡ ಆಗುತ್ತದೆಂದು ಟೀಚರ್ ಕಾರಣ ಸಮೇತ ವಿವರಿಸಿದರು. ಸೈರನ್ ಹೊಡೆಯಿತು, ಮಕ್ಕಳು ಕಲ್ಲಿಟ್ಟರು. ಅರ್ಧ ಗಂಟೆ ಬಿಟ್ಟು ಅಳೆದರೆ ನೆರಳು ಗಿಡ್ಡವಾಗಿರಲಿಲ್ಲ, ಎರಡು ಬೆರಳು ಉದ್ದವೇ ಆಗಿತ್ತು.

"ನೀವು ಹೇಳೋದೊಂದು, ನಿಮ್ಮ ಕೋಲು ಹೇಳೋದೊಂದು. ಯಾರ ಮಾತು ಕೇಳ್ಬೇಕಮ್ಮ ನಾನು?" ಎಂದರು ವಿಶ್ವಾರಾಧ್ಯ.

ಟೀಚರ್ ಮತ್ತೆ ದಾರ ಹಿಡಿದು ಅಳೆದರು. ಪುಟ್ಟಣ್ಣನವರು ಕೋಲಿನ ಕಡೆ ನೋಡುತ್ತಿದ್ದರು. ಮಕ್ಕಳ ಮುಖ ಮಾತ್ರ ಅರಳಿತ್ತು. ಕವನ ಟೀಚರ ಸೆರಗು ಜಗ್ಗಿದಳು.

"ಸೈರನ್ನಿಗೆ ಸರಿಯಾಗಿ ಬಂತಲ್ಲ ಟೀಚರ್, ಇನ್ನು ಅಪ್ಪ ಬೈಯಲ್ಲ."

"ಏನು ಮಾಡಿದ್ರೇ ನೀವು?"

"ಯಾವತ್ತೂ ಗಿಡ್ಡ ನೆರಳು ಶಾಲೆ ಜಗಲಿ ಕಂಬದ ಕಡೆಗೇ ಬೀಳುತ್ತಲ್ಲ. ನಿನ್ನೆ ನೀವಿರಲಿಲ್ಲ. ಸೈರನ್ ಹೊಡೆದಾಗ ನೆರಳು ಕಂಬದ ಕಡೆಗೆ ಬರೋ ತನಕ ಎಲ್ಲ ಸೇರಿ ಕೋಲು ತಳ್ಳಿ, ಬುಡಕ್ಕೆ ಕಲ್ಲು ತುರುಕಿದ್ವಿ."

ಟೀಚರ್ ದಾರಕ್ಕೆ ಕಲ್ಲು ಕಟ್ಟಿ ಕೋಲಿನ ತುದಿಯಿಂದ ಇಳಿಬಿಟ್ಟರು. ಕಲ್ಲು ಬುಡದ ಹತ್ತಿರ ಬರದೆ ದೂರದಲ್ಲಿ ತೂಗಾಡಿತು. ಕೋಲು ಪೂರ್ವಕ್ಕೆ ವಾಲಿತ್ತು; ಅದಕ್ಕೇ ನೆರಳು ಅರ್ಧ ಗಂಟೆ ಮೊದಲೇ, ಸೈರನ್ನಿನ ಹೊತ್ತಿಗೇ, ಗಿಡ್ಡವಾಗಿಬಿಟ್ಟಿತ್ತು.

ವಿಶ್ವಾರಾಧ್ಯರು ಕನ್ನಡಕ ತೆಗೆದು ಒರೆಸಿಕೊಂಡರು. "ಸೂರ್ಯನ್ನೇ ಡ್ಯೂಟಿಗೆ ಹಾಕ್ಕೊಂಡಿದಾರಲ್ಲ ಮೇಷ್ಟ್ರೇ ನಿಮ್ಮ ಮಕ್ಕಳು. ಆಗಲಿ, ನೆಟ್ಟಗೆ ಮಾಡಿಸಿ. ನಾಳೆ ಇನ್ನೊಂದು ಸಲ ನೋಡೇ ಹೋಗ್ತೀನಿ."

ಶುಕ್ರವಾರ ಚೌಡಪ್ಪನೂ ಬಂದು ಕಾಂಪೌಂಡಿಗೆ ಒರಗಿ ನಿಂತ. ಕಲ್ಲು ಕಟ್ಟಿದ ದಾರ ಈಗ ಕೋಲಿಗೆ ಅಂಟಿದಂತೆ ಇಳಿದಿತ್ತು. ಸೈರನ್ ಹೊಡೆಯಿತು. ಕವನ ಕಲ್ಲಿಟ್ಟಳು. ಯಾರೂ ಕದಲಲಿಲ್ಲ. ನೆರಳು ಮೆಲ್ಲಗೆ ಕಂಬದ ಕಡೆಗೆ ಜರುಗಿತು, ಜೊತೆಗೇ ಕುಗ್ಗಿತು. ಹನ್ನೆರಡೂವರೆಯ ಹೊತ್ತಿಗೆ ಅಳೆದಾಗ ಎರಡು ಬೆರಳಷ್ಟು ಗಿಡ್ಡ. ಒಂದು ಗಂಟೆಗೆ ಅಳೆದಾಗ ಮತ್ತೆ ಉದ್ದ.

ಶಾಂಭವಿ ಟೀಚರ್ ಶಾಲೆಯ ಜಗಲಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಷ್ಟು ದಿನದಿಂದ ಬಿಗಿಹಿಡಿದಿದ್ದರೋ ಆ ಉಸಿರು, ನಮ್ಮ ಮನೆಯ ಬಾಗಿಲಿನ ತನಕ ಕೇಳಿಸಿದಂತಾಯಿತು.

"ಕಾಪಿ ಯಾವಾಗ ಬೇಕಾದ್ರೂ ಬರೀಬಹುದು. ಇದನ್ನ ನಿಲ್ಲಿಸ್ಬೇಡಿ" ಎಂದು ವಿಶ್ವಾರಾಧ್ಯರು ಪುಟ್ಟಣ್ಣನವರಿಗೆ ಹೇಳಿದರು.

"ನಾನೂ ಅದನ್ನೇ ಹೇಳ್ತಿದ್ದೆ ಸಾರ್" ಎಂದರು ಪುಟ್ಟಣ್ಣ.

ಚೌಡಪ್ಪ ಮಗಳ ತಲೆ ಸವರಿ, "ಸೂರ್ಯ ಲೇಟಾಗಿ ಬಂದ್ರೂ ಅವನ ಸಂಬಳ ಕಟ್ ಮಾಡೋರಿಲ್ಲ ಬಿಡಿ ಟೀಚರೇ" ಎಂದು ಸೈಕಲ್ ಹತ್ತಿದ.

ಮಕ್ಕಳು ನೀರು ಕುಡಿಯಲು ಓಡಿದರು. ಟೀಚರ್ ಆಗ ಡಬ್ಬಿ ಬಿಚ್ಚಿ ತಣ್ಣಗಾದ ಚಿತ್ರಾನ್ನವನ್ನು ಒಂದಗುಳೂ ಬಿಡದೆ ತಿಂದರು. ಆಮೇಲೆ ನಲ್ಲಿಯ ಕಟ್ಟೆಯಲ್ಲಿ ಕೂತು, ಒಂದು ಚಿಟಿಕೆ ಬೂದಿ ಹಾಕಿ, ತೆಂಗಿನ ನಾರಿನಿಂದ ಡಬ್ಬಿಯ ಜಿಡ್ಡು ತಿಕ್ಕತೊಡಗಿದರು.