ಅಣ್ಣನ ಬದಲು ಹೋದ ತಮ್ಮ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಮೂವರು ಪುಣೆಯ ನಿಗಡಿಯಲ್ಲಿ ಕಟ್ಟಡದ ಕೆಲಸಕ್ಕಿದ್ದೆವು: ನಾನು, ನನ್ನ ಗಂಡ, ನನ್ನ ಮೈದುನ. ಗಂಡ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು. ನಲ್ಲಿಯ ಹತ್ತಿರ ಗೋಡೆ ಕಟ್ಟುವ ಒಬ್ಬ ಗೌಂಡಿಯ ಜೊತೆ ಜಗಳವಾಗಿ, ಕೈಯಲ್ಲಿದ್ದ ಸಲಿಕೆಯಿಂದಲೇ ಬಾರಿಸಿದ. ಗೌಂಡಿಯ ಮುಂಗೈ ಎಲುಬು ಮುರಿಯಿತು. ಪೊಲೀಸರು ಗಂಡನನ್ನು ಒಯ್ದರು.

ನಮ್ಮ ಊರ ಕಡೆಯ ವಕೀಲರೊಬ್ಬರು ಸಿಕ್ಕರು. "ಬರೇ ಕೈಲೆ ಹೊಡದಿದ್ರ ಠಾಣಾದಾಗೇ ಬಿಡ್ತಿದ್ರು. ಸಲಿಕಿಲೆ ಹೊಡದು ಎಲುಬು ಮುರದಾನ. ಇದಕ್ಕ ಕೋರ್ಟೇ ಬೇಕು," ಎಂದರು. ಹದಿನೈದು ದಿನಕ್ಕೆ ಜಾಮೀನು ಸಿಕ್ಕಿತು. ಕೋರ್ಟಿನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ನನಗೇ ಹೇಳಿದರು:

"ಕೇಸು ಮುಗದಿಲ್ಲ ತಂಗಿ, ತಲಿಮ್ಯಾಲೆ ಹಂಗೇ ಅದ. ನಿನ್ನ ಗಂಡ ಪ್ರತಿ ಐತವಾರ ಮುಂಜಾನಿ ಠಾಣಾಕ್ಕ ಹೋಗಿ ಹೆಬ್ಬಟ್ಟು ಒತ್ತಬೇಕು. ಆ ಗೌಂಡಿ ತಂಟೇಕ ಹೋಗಬಾರ್ದು. ಪುಣೆ ಬಿಡಬಾರ್ದು. ತಿಳೀತಿಲ್ಲೋ?"

"ತಿಳೀತ್ರಿ," ಎಂದೆ. ಗಂಡ ಮನೆಗೆ ಬಂದನಲ್ಲ, ನನಗೆ ಅಷ್ಟೇ ತಿಳಿದಿತ್ತು.

ನಮ್ಮ ಕೆಲಸದಲ್ಲಿ ಒಂದು ರೂಢಿ ಇತ್ತು. ಗಂಡನಿಗೆ ಜ್ವರ ಬಂದರೆ ತಮ್ಮ ನಿಲ್ಲಬೇಕು, ನಾನು ಬಸುರಿಯಾದರೆ ಊರಿಂದ ನಾದಿನಿ ಬರಬೇಕು. ಆಳುಗಳ ಹಾಜರಿ ಬರೆಯುವ ಮುಕಾದಮನ ಪುಸ್ತಕದಲ್ಲಿ ಹೆಸರು ಹಳೆಯದೇ ಇರುತ್ತಿತ್ತು, ಹೆಬ್ಬೆಟ್ಟು ಯಾರದಾದರೂ ನಡೆಯುತ್ತಿತ್ತು. ಅವನಿಗೆ ತಲೆ ಲೆಕ್ಕ ಸರಿಯಾದರೆ ಸಾಕು.

ನಾಲ್ಕನೆಯ ಐತವಾರವೇ ಚಾವಣಿಯ ಸ್ಲ್ಯಾಬ್ ಹಾಕುವ ಕೆಲಸ ಬಂತು. ಸ್ಲ್ಯಾಬಿನ ದಿನ ಗಟ್ಟಿ ಆಳು ತಪ್ಪಿಸಿದರೆ ಮುಕಾದಮ ಮರುದಿನ ಹೊರಗೆ ಹಾಕುತ್ತಿದ್ದ. ಮೈದುನ ಕಾಲಿಗೆ ಮೊಳೆ ಚುಚ್ಚಿಸಿಕೊಂಡು ಗುಡಿಸಲಲ್ಲೇ ಕೂತಿದ್ದ.

"ನಿಮ್ಮಣ್ಣನ ಬದಲಿ ನೀನೇ ಹೋಗಿ ಒತ್ತಿ ಬಾ," ಎಂದೆ.

"ವೈನಿ, ಅದು ಪೊಲೀಸ್ ಠಾಣಾ. ಮುಕಾದಮನ ಮನಿ ಅಲ್ಲ."

"ಅಂಜುಬುರುಕ! ನಿಮ್ಮಣ್ಣ ಸಲಿಕಿ ಎತ್ತತಾನ, ನಿನಗ ಹೆಬ್ಬಟ್ಟು ಎತ್ತಾಕ ಆಗಂಗಿಲ್ಲೇನು?"

ಅವನು ನಕ್ಕು, ಕುಂಟುತ್ತಾ ಹೋದ. ಅಣ್ಣನ ಹೆಸರು ಹೇಳಿ ಒತ್ತಿಬಂದ. ಮುಂದಿನ ವಾರವೂ ಕಳಿಸಿದೆ. ಅಂದು ಮೇಜಿನ ಹಿಂದೆ ಕೂತಿದ್ದವನು ನನ್ನ ಗಂಡನನ್ನು ಹಿಡಿದೊಯ್ದ ಹವಾಲ್ದಾರನೇ. ಮೈದುನನನ್ನು ಅಲ್ಲೇ ಕೂಡಿಸಿದರು. ಸಂಜೆ ಗಂಡನನ್ನೂ ಒಯ್ದರು, ಅವನ ಜಾಮೀನು ರದ್ದಾಯಿತು.

ವಕೀಲರು ತಲೆ ಚಚ್ಚಿಕೊಂಡರು. "ಎರಡು ವಾರ ತಪ್ಪಿಸಿದ್ರೂ ಕೈಮುಗದು ಕೇಳ್ತಿದ್ದೆ. ಇದು ಮೋಸ. ಈಗ ತಮ್ಮನ ಮ್ಯಾಲೆ ಬ್ಯಾರೆ ಕೇಸು."

ಗಂಡನದು ಎರಡು ವರ್ಷಕ್ಕೆ ಮುಗಿಯಿತು. ಹಿರಿಯರು ಕೂತು ರಾಜಿ ಮಾಡಿಸಿದರು, ಹೊಡೆದವನು ಯಾರೋ ಕಾಣಲಿಲ್ಲ ಎಂದು ಗೌಂಡಿ ಕೋರ್ಟಿನಲ್ಲಿ ಹೇಳಿದ. ಮೈದುನನ ಕೇಸಿನಲ್ಲಿ ರಾಜಿಗೆ ಯಾರ ಹತ್ತಿರ ಹೋಗಬೇಕು? ಮೋಸ ಹೋದದ್ದು ಸರಕಾರ. ಯಾರಿಗೂ ಒಂದು ಏಟು ಹಾಕದವನು ಆರು ವರ್ಷ ಕೋರ್ಟಿನ ತಾರೀಖಿಗೆ ಅಲೆದ. ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ವೀಳ್ಯ ತಿರುಗಿಸಿದರು.

ಮೈದುನ ಕಟಕಟೆಯಲ್ಲಿ ನಿಂತಾಗ ಜಡ್ಜ್ ಸಾಹೇಬರು ಮರಾಠಿಯಲ್ಲಿ ಕೇಳಿದರು, ನಿನ್ನನ್ನು ಕಳಿಸಿದವರು ಯಾರು ಎಂದು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವನು ನನ್ನ ಕಡೆ ತಿರುಗಿಯೂ ನೋಡದೆ, ಯಾರೂ ಕಳಿಸಲಿಲ್ಲ, ನಾನೇ ಬಂದೆ ಎಂದ. ಎದ್ದು ನಿಂತು ನಾನು ಕಳಿಸಿದೆ ಎನ್ನಬಹುದಿತ್ತು. ನನಗೆ ಅಷ್ಟು ಮರಾಠಿ ಬರುತ್ತಿತ್ತು. ಎದ್ದೇಳಲಿಲ್ಲ.